ಶಿಕ್ಷಕರ ಡಿಜಿಟಲ್ ಲಭ್ಯತೆಯ ಸಮೀಕ್ಷೆ: ಪ್ರಶ್ನಾವಳಿಯನ್ನು ಒರೆಗೆ ಹಚ್ಚುವ ಬಗೆ

ದೇಶದ ಶಾಲೆಗಳಿಂದ ಪ್ರತಿವರ್ಷ ಮಾಹಿತಿ ಕಲೆಹಾಕಿ ಕೇಂದ್ರ ಶಿಕ್ಷಣ ಸಚಿವಾಲಯ ಪ್ರಕಟಿಸುವ ಯುಡೈಸ್ ಪ್ಲಸ್ ವರದಿಯಂತೆ 2023-24ರಲ್ಲಿ ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಸೌಲಭ್ಯವಿತ್ತು, ಶೇ 53.9ರಷ್ಟರಲ್ಲಿ ಇಂಟರ್‌ನೆಟ್ ಇತ್ತು. ಮರುವರ್ಷ, ಅಂದರೆ 2024-25ರಲ್ಲಿ, ಈ ಅಂಕಿಗಳು ಕ್ರಮವಾಗಿ ಶೇ 64.7 ಮತ್ತು ಶೇ 63.5ಕ್ಕೆ ಏರಿದವು, ಅದೇ ವರ್ಷ ದೇಶದ ಶಿಕ್ಷಕರ ಒಟ್ಟು ಸಂಖ್ಯೆ ಮೊದಲ ಬಾರಿಗೆ 1 ಕೋಟಿ ದಾಟಿತು. ಸೌಲಭ್ಯ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಇದು ಶಾಲೆಯ ಲೆಕ್ಕವೇ ಹೊರತು ಅಲ್ಲಿ ಪಾಠ ಮಾಡುವವರ ಲೆಕ್ಕವಲ್ಲ. ಮುಖ್ಯ ಶಿಕ್ಷಕರು ಶಾಲೆಯ ಪರವಾಗಿ ತುಂಬಿದ ನಮೂನೆಯಲ್ಲಿ ಕಂಪ್ಯೂಟರ್ ಇದೆ ಎಂದಿದ್ದರೆ, ಆ ಶಾಲೆಯ ಮೂರನೇ ತರಗತಿಯ ಶಿಕ್ಷಕಿಯ ಕೈಗೆ ಅದು ಸಿಗುತ್ತದೆ ಎಂದು ತಿಳಿಯಲು ಆಧಾರವಿಲ್ಲ. ಕುಟುಂಬಗಳ ವಿಷಯದಲ್ಲಿ ಇಂಥ ಅಂತರವನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು ಸ್ಪಷ್ಟವಾಗಿ ತೋರಿಸಿತ್ತು. 2017-18ರಲ್ಲಿ ಗ್ರಾಮೀಣ ಭಾರತದ ಶೇ 4.4ರಷ್ಟು ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಆದರೆ ಐದು ವರ್ಷ ಮೇಲ್ಪಟ್ಟ ಗ್ರಾಮೀಣರಲ್ಲಿ ಶೇ 9.9ರಷ್ಟು ಜನರಿಗೆ ಕಂಪ್ಯೂಟರ್ ನಡೆಸಲು ಬರುತ್ತಿತ್ತು. ವಸ್ತು ಮನೆಯಲ್ಲಿರುವುದು ಬೇರೆ, ಅದನ್ನು ನಡೆಸಲು ಬರುವುದು ಬೇರೆ. ಯಾರನ್ನು, ಯಾವುದರ ಬಗ್ಗೆ ಕೇಳುತ್ತೇವೆ ಎಂಬುದರ ಮೇಲೆ ಅಂಕಿ ನಿಲ್ಲುತ್ತದೆ.

ಶಿಕ್ಷಕರ ತರಬೇತಿಯ ಕೆಲಸದಲ್ಲಿರುವ ನಾವು ಕೆಲವರು ಸೇರಿ, ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕರಿಗೆ ಡಿಜಿಟಲ್ ತಂತ್ರಜ್ಞಾನ ಎಷ್ಟರಮಟ್ಟಿಗೆ ದಕ್ಕಿದೆ ಎಂಬುದನ್ನು ತಿಳಿಯಲು ಕನ್ನಡದಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸುತ್ತಿದ್ದೇವೆ. ಸಮೀಕ್ಷೆಯನ್ನು ನಡೆಸುವ ಮೊದಲು ಪ್ರಶ್ನಾವಳಿಯ ಸಿಂಧುತ್ವವನ್ನು ಪರೀಕ್ಷಿಸುವ ಹಂತ ಈಗ ನಡೆದಿದೆ, ಮತ್ತು ನನ್ನ ಮನಸ್ಸನ್ನು ಹೆಚ್ಚು ತುಂಬಿಕೊಂಡಿರುವುದೂ ಈ ಹಂತವೇ. ಬಿ.ಇಡಿ. ಓದಿದ ಎಲ್ಲರಿಗೂ ಸಿಂಧುತ್ವ, ವಿಶ್ವಸನೀಯತೆ ಎಂಬ ಮಾತುಗಳು ಪರೀಕ್ಷೆಯ ಎರಡು ಅಂಕದ ಪ್ರಶ್ನೆಗಳಾಗಿ ಪರಿಚಿತವಾಗಿರುತ್ತವೆ. ಅಲ್ಲಿ ಸಿಂಧುತ್ವವನ್ನು ಉಪಕರಣಕ್ಕೆ ಅಂಟಿಕೊಂಡ ಗುಣವೆಂಬಂತೆ ಹೇಳಿಕೊಡುವುದೇ ಹೆಚ್ಚು. ಅಮೆರಿಕದ ಮೂರು ವೃತ್ತಿಸಂಘಗಳು ಸೇರಿ 2014ರಲ್ಲಿ ಪರಿಷ್ಕರಿಸಿದ ಶೈಕ್ಷಣಿಕ ಮತ್ತು ಮನೋವೈಜ್ಞಾನಿಕ ಮಾಪನದ ಮಾನದಂಡಗಳು ಇದನ್ನು ಬೇರೆ ರೀತಿಯಲ್ಲಿ ನೋಡುತ್ತವೆ: ಉತ್ತರಗಳಿಂದ ನಾವು ಹೊರಡಿಸುವ ಅರ್ಥಕ್ಕೆ, ಆ ಅರ್ಥವನ್ನು ಬಳಸಲಿರುವ ಉದ್ದೇಶಕ್ಕೆ ಎಷ್ಟು ಆಧಾರವಿದೆ ಎಂಬುದೇ ಸಿಂಧುತ್ವ. ಪ್ರಶ್ನೆಗಳ ವಿಷಯವ್ಯಾಪ್ತಿ, ಉತ್ತರಿಸುವವರ ಮನಸ್ಸಿನಲ್ಲಿ ನಡೆಯುವ ಪ್ರಕ್ರಿಯೆ, ಉತ್ತರಗಳ ಒಳರಚನೆ, ಇತರ ಅಳತೆಗಳೊಂದಿಗಿನ ಸಂಬಂಧ, ಬಳಕೆಯ ಪರಿಣಾಮ ಎಂಬ ಐದು ಮೂಲಗಳಿಂದ ಆಧಾರ ಸಂಗ್ರಹಿಸಬೇಕೆಂದು ಅವು ಹೇಳುತ್ತವೆ. ಇವುಗಳಲ್ಲಿ ಎರಡನೆಯದನ್ನು ನಮ್ಮಲ್ಲಿ ಬಹುತೇಕ ಬಿಟ್ಟೇಬಿಡುತ್ತಾರೆ. ಶಿಕ್ಷಕರ ಲಭ್ಯತೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕು ಬೀರುವುದು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಭ್ಯತೆ ಎಂದರೇನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ನೆದರ್ಲೆಂಡ್ಸ್‌ನ ಸಮಾಜವಿಜ್ಞಾನಿ ಯಾನ್ ವಾನ್ ಡೈಕ್ ಅವರು 2005ರಲ್ಲಿ ಇದನ್ನು ಒಂದರ ಮೇಲೊಂದು ನಿಲ್ಲುವ ನಾಲ್ಕು ಹಂತಗಳಾಗಿ ವಿವರಿಸಿದರು: ಬಳಸಬೇಕೆಂಬ ಮನಸ್ಸು, ಸಾಧನ ಮತ್ತು ಸಂಪರ್ಕ, ಕೌಶಲ, ಕೊನೆಗೆ ನಿಜವಾದ ಬಳಕೆ. 2019ರಲ್ಲಿ ಅವರೂ ಅಲೆಕ್ಸಾಂಡರ್ ವಾನ್ ಡರ್ಸನ್ ಅವರೂ ಸೇರಿ ಪ್ರಕಟಿಸಿದ ಅಧ್ಯಯನವೊಂದು ಎರಡನೇ ಹಂತವನ್ನು ಇನ್ನಷ್ಟು ಬಿಡಿಸಿತು. ಇಂಟರ್‌ನೆಟ್ ಬಹುತೇಕ ಎಲ್ಲರಿಗೂ ತಲುಪಿರುವ ನೆದರ್ಲೆಂಡ್ಸ್‌ನಂಥ ದೇಶದಲ್ಲಿಯೂ ಯಾವ ಬಗೆಯ ಸಾಧನ, ಅದರ ಜೊತೆಗೆ ಬೇಕಾದ ಪರಿಕರಗಳು, ಅದನ್ನು ಸುಸ್ಥಿತಿಯಲ್ಲಿಡಲು ಆಗುವ ಖರ್ಚು ಇವುಗಳಲ್ಲಿ ದೊಡ್ಡ ಅಸಮಾನತೆ ಉಳಿದಿದೆ ಎಂಬುದು ಅದರ ಸಾರ. ನಮ್ಮ ಪ್ರಶ್ನಾವಳಿಯನ್ನೂ ಈ ನಾಲ್ಕು ಹಂತಗಳ ಮೇಲೆಯೇ ಕಟ್ಟಿದ್ದೇವೆ. ಆದರೆ ನೆದರ್ಲೆಂಡ್ಸ್‌ನ ಚೌಕಟ್ಟಿನಲ್ಲಿ ಕರೆಂಟ್ ಹೋಗುವುದಕ್ಕೂ ಲ್ಯಾಬಿನ ಬೀಗದ ಕೈಗೂ ಜಾಗವಿಲ್ಲ. ಅವುಗಳಿಗೆ ಜಾಗ ಮಾಡಿಕೊಟ್ಟವರು ನಾವು ಮಾತನಾಡಿಸಿದ ಶಿಕ್ಷಕರು.

ಮಾತನಾಡಿಸುವುದೆಂದರೆ ಇಷ್ಟೇ: ಶಿಕ್ಷಕರೊಬ್ಬರ ಎದುರು ಕುಳಿತು, ಪ್ರಶ್ನೆಯನ್ನು ಅವರೇ ಗಟ್ಟಿಯಾಗಿ ಓದುವಂತೆ ಕೇಳಿಕೊಂಡು, ಅವರು ಉತ್ತರ ಗುರುತಿಸಿದ ಮೇಲೆ ಆ ಉತ್ತರಕ್ಕೆ ಹೇಗೆ ಬಂದಿರಿ ಎಂದು ವಿಚಾರಿಸುವುದು. ಪ್ರಶ್ನೆಯನ್ನು ಗ್ರಹಿಸುವುದು, ನೆನಪಿನಿಂದ ಬೇಕಾದುದನ್ನು ತೆಗೆಯುವುದು, ತೂಗಿ ನೋಡುವುದು, ಕೊಟ್ಟಿರುವ ಆಯ್ಕೆಗಳಲ್ಲೊಂದಕ್ಕೆ ಅದನ್ನು ಹೊಂದಿಸುವುದು ಎಂದು ಉತ್ತರಿಸುವಾಗ ಮನಸ್ಸು ಇಡುವ ನಾಲ್ಕು ಹೆಜ್ಜೆಗಳನ್ನು ಸಮೀಕ್ಷಾ ವಿಧಾನದ ತಜ್ಞ ರೋಜರ್ ಟೂರಾಂಜೋ ಅವರು 1984ರಲ್ಲಿ ಗುರುತಿಸಿದ್ದಾರೆ. ಯಾವ ಹೆಜ್ಜೆಯಲ್ಲಿ ಉತ್ತರ ದಾರಿ ಬಿಟ್ಟಿತು ಎಂಬುದು ಈ ಮಾತುಕತೆಯಲ್ಲಿ ತಿಳಿಯುತ್ತದೆ.

ಕರಡಿನಲ್ಲಿ ‘ನಿಮ್ಮ ಶಾಲೆಯಲ್ಲಿ ನಿಮ್ಮ ಬಳಕೆಗೆ ಕಂಪ್ಯೂಟರ್ ಲಭ್ಯವಿದೆಯೇ?’ ಎಂಬ ಪ್ರಶ್ನೆಯಿತ್ತು. ಮಲೆನಾಡಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಕ್ಷಣವೂ ತಡೆಯದೆ ‘ಹೌದು’ ಎಂಬಲ್ಲಿ ಗುರುತು ಹಾಕಿದರು. ಕೊನೆಯ ಸಲ ಅದನ್ನು ಯಾವಾಗ ಆನ್ ಮಾಡಿದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಆನ್ ಮಾಡಿಲ್ಲ ಮೇಡಂ. ಯುಪಿಎಸ್ ಬ್ಯಾಟರಿ ಹೋಗಿದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಳಾದರೆ ಯಾರು ಜವಾಬ್ದಾರಿ ಅಂತ ಹೆಡ್‌ಮಾಸ್ಟರು ಮುಟ್ಟಲು ಬಿಡುವುದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಇದೆಯಲ್ಲ, ಅದಕ್ಕೇ ಹೌದು ಅಂತ ಹಾಕಿದೆ.” ಆ ಶಿಕ್ಷಕಿ ಸುಳ್ಳು ಹೇಳಿರಲಿಲ್ಲ. ಶಾಲೆಗೆ ಬರುವ ನಮೂನೆಗಳೆಲ್ಲ ಕೇಳುವುದು ದಾಸ್ತಾನಿನ ಲೆಕ್ಕವನ್ನೇ ಆದ್ದರಿಂದ, ನಮ್ಮ ಪ್ರಶ್ನೆಯನ್ನೂ ಅವರು ಅದೇ ಬಗೆಯದೆಂದು ಗ್ರಹಿಸಿದ್ದರು. ‘ನಿಮ್ಮ ಬಳಕೆಗೆ’ ಎಂದು ನಾವು ಸೇರಿಸಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಈಗ ಆ ಪ್ರಶ್ನೆ ಹೀಗಿದೆ: ‘ಕಳೆದ ಐದು ಶಾಲಾ ದಿನಗಳಲ್ಲಿ ಶಾಲೆಯ ಕಂಪ್ಯೂಟರನ್ನು ನೀವು ಸ್ವತಃ ಎಷ್ಟು ದಿನ ಬಳಸಿದಿರಿ?’ ಒಂದು ದಿನವೂ ಇಲ್ಲ ಎಂದವರಿಗೆ ಕಾರಣ ಕೇಳುವ ಉಪಪ್ರಶ್ನೆಯಲ್ಲಿ ಕೆಟ್ಟಿದೆ, ಕರೆಂಟ್ ಇರಲಿಲ್ಲ, ಕೊಠಡಿಗೆ ಬೀಗ ಹಾಕಿರುತ್ತದೆ, ಬಳಸಲು ಅನುಮತಿಯಿಲ್ಲ, ಬಳಸಲು ಬರುವುದಿಲ್ಲ, ಅಗತ್ಯ ಬೀಳಲಿಲ್ಲ ಎಂಬ ಆಯ್ಕೆಗಳಿವೆ. ಇವೆಲ್ಲವೂ ಶಿಕ್ಷಕರ ಬಾಯಿಂದಲೇ ಬಂದ ಮಾತುಗಳು.

ಮೊಬೈಲಿನ ವಿಷಯ ಇನ್ನೂ ಸೂಕ್ಷ್ಮವಾದುದು. ಸ್ವಂತ ಸ್ಮಾರ್ಟ್‌ಫೋನ್ ಇದೆಯೇ ಎಂದರೆ ಇಂದು ಹೆಚ್ಚುಕಡಿಮೆ ಎಲ್ಲ ಶಿಕ್ಷಕರೂ ಇದೆ ಎನ್ನುತ್ತಾರೆ. ಹಾಗಿರುವಾಗ ಆ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಬೇರೆ ಶಾಲೆಯ ಶಿಕ್ಷಕರೊಬ್ಬರು ತಮ್ಮ ಫೋನನ್ನೇ ತೆರೆದು ನನ್ನ ಮುಂದಿಟ್ಟರು. ಮೆಮೊರಿ ತುಂಬಿದೆ ಎಂಬ ಎಚ್ಚರಿಕೆ ಪರದೆಯ ಮೇಲೆಯೇ ಇತ್ತು. ಬಿಸಿಯೂಟದ ಫೋಟೊಗಳು, ಕಾರ್ಯಕ್ರಮಗಳ ವರದಿಗಾಗಿ ತೆಗೆದ ಫೋಟೊಗಳು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದ ಸುತ್ತೋಲೆಗಳ ಪಿಡಿಎಫ್‌ಗಳು, ಇಲಾಖೆಯ ಆ್ಯಪ್‌ಗಳು. ದೀಕ್ಷಾ ಆ್ಯಪ್‌ನಲ್ಲಿ ವಿಜ್ಞಾನ ಪಾಠದ ವಿಡಿಯೊ ಇಳಿಸಿಕೊಳ್ಳಬೇಕಾದರೆ ಮೊದಲು ಮನೆಯವರ ಫೋಟೊಗಳನ್ನು ಅಳಿಸಬೇಕಾಗುತ್ತದೆ ಎಂದು ಅವರು ಹೇಳಿದಾಗ, ಬಳಕೆ ಎಂಬ ನಾಲ್ಕನೇ ಹಂತವನ್ನು ಎರಡಾಗಿ ಒಡೆಯದೆ ಗತಿಯಿಲ್ಲ ಎಂಬುದು ನನಗೆ ಖಚಿತವಾಯಿತು. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ದಿನಗಳಲ್ಲಿ ‘ನೀವು ಡಿಜಿಟಲ್ ತಂತ್ರಜ್ಞಾನವನ್ನು ದಿನವೂ ಬಳಸುತ್ತೀರಾ?’ ಎಂದು ಕೇಳಿದ್ದರೆ ಹೌದೆಂಬ ಉತ್ತರವೇ ಬರುತ್ತಿತ್ತು, ಅದು ಸತ್ಯವೂ ಆಗಿರುತ್ತಿತ್ತು. ಆದರೆ ತರಗತಿಯಲ್ಲಿ ನಡೆಯುವ ಕಲಿಕೆಗೂ ಆ ಬಳಕೆಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ. ಆಡಳಿತದ ಕೆಲಸಕ್ಕಾಗಿ ಬಳಕೆ, ಪಾಠಕ್ಕಾಗಿ ಬಳಕೆ ಎಂದು ಪ್ರತ್ಯೇಕವಾಗಿ ಕೇಳುವುದರ ಜೊತೆಗೆ, ಕಳೆದ ತಿಂಗಳ ರೀಚಾರ್ಜಿನ ಹಣ ಯಾರ ಕಿಸೆಯಿಂದ ಹೋಯಿತು, ಸಂಜೆಯ ಹೊತ್ತು ಆ ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಕೇಳುತ್ತಿದ್ದೇವೆ. ಕೊನೆಯ ಪ್ರಶ್ನೆಯನ್ನು ಸೇರಿಸಲು ಒತ್ತಾಯಿಸಿದವರು ಶಾಲೆಗೆ ಹೋಗುವ ಮಕ್ಕಳಿರುವ ಶಿಕ್ಷಕಿಯರು.

ತಜ್ಞರ ಅಭಿಪ್ರಾಯ ಪಡೆಯುವ ಹಂತದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಸಿ. ಎಚ್. ಲಾಶೆ ಅವರು 1975ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಒಂದು ಪ್ರಶ್ನೆ ಅತ್ಯಗತ್ಯವೆಂದು ಹೇಳಿದವರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆದು, ಬಂದುದನ್ನು ಅದೇ ಅರ್ಧದಿಂದ ಭಾಗಿಸುವುದು. ಹತ್ತು ಜನರ ಸಮಿತಿಯಲ್ಲಿ ಎಂಟು ಮಂದಿ ಅತ್ಯಗತ್ಯವೆಂದರೆ ಬೆಲೆ 0.60 ಆಗುತ್ತದೆ, ಲಾಶೆಯವರ ಕೋಷ್ಟಕ ಹತ್ತು ಜನಕ್ಕೆ ಕೇಳುವುದು ಕನಿಷ್ಠ 0.62. ಹೀಗಾಗಿ ಪ್ರಶ್ನೆ ಉಳಿಯಬೇಕಾದರೆ ಒಂಬತ್ತು ಮಂದಿಯ ಒಪ್ಪಿಗೆ ಬೇಕು. ಸೂತ್ರ ಸರಿಯಾಗಿಯೇ ಇದೆ, ಆದರೆ ಆ ಹತ್ತು ಜನ ಯಾರು ಎಂಬುದನ್ನು ಅದು ಕೇಳುವುದಿಲ್ಲ. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ತಂತ್ರಜ್ಞಾನದ ಹಿನ್ನೆಲೆಯವರು ಎಂದು ಸಮಿತಿ ತುಂಬಿಬಿಟ್ಟರೆ, ಏಕೋಪಾಧ್ಯಾಯ ಶಾಲೆಯನ್ನು ನಡೆಸುವವರಿಗೆ, ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ನಲಿ-ಕಲಿಯಲ್ಲಿ ಒಟ್ಟಿಗೆ ಕೂರಿಸಿಕೊಂಡು ಕಲಿಸುವವರಿಗೆ ಜಾಗವೇ ಉಳಿಯುವುದಿಲ್ಲ. ಕರೆಂಟ್ ಹೋದಾಗ ಬದಲಿ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆ ನಗರದವರಿಗೆ ಅಷ್ಟೇನೂ ಮುಖ್ಯವಲ್ಲವೆಂದು ತೋರಿತು, ಹಳ್ಳಿಯ ಶಾಲೆಯವರಿಗೆ ಅದೇ ಮೊದಲ ಪ್ರಶ್ನೆಯಾಗಿತ್ತು. ಮತ ಎಣಿಸಿದ್ದರೆ ಅದು ಬಿದ್ದುಹೋಗುತ್ತಿತ್ತು. ಅದನ್ನು ಉಳಿಸಿಕೊಂಡೆವು, ಉಳಿಸಿಕೊಂಡ ಕಾರಣವನ್ನು ವರದಿಯಲ್ಲಿ ಬರೆದಿಟ್ಟಿದ್ದೇವೆ. ಪಾಠ ಮಾಡುವವರೇ ಈ ವಿಷಯದ ತಜ್ಞರು ಎಂದು ಒಪ್ಪಿಕೊಂಡರೆ ಸಮಿತಿಯ ರಚನೆಯೇ ಬದಲಾಗುತ್ತದೆ.

ಇನ್ನು ಸಂಖ್ಯಾಶಾಸ್ತ್ರದ ಮಾತು. ಶಿಕ್ಷಣ ಸಂಶೋಧನೆಯ ಪ್ರಬಂಧಗಳಲ್ಲಿ ಕ್ರಾನ್‌ಬ್ಯಾಕ್ ಆಲ್ಫಾ 0.70 ದಾಟಿತು, ಆದ್ದರಿಂದ ಉಪಕರಣ ಸರಿಯಾಗಿದೆ ಎಂಬ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 1951ರಲ್ಲಿ ಲೀ ಕ್ರಾನ್‌ಬ್ಯಾಕ್ ಅವರು ವಿವರಿಸಿದ ಈ ಅಳತೆ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದಿಕೊಂಡು ನಡೆಯುತ್ತವೆ ಎಂಬುದನ್ನು ಹೇಳುತ್ತದೆ. ಒಂದೇ ಒಳಗುಣ ಹಲವು ಉತ್ತರಗಳಲ್ಲಿ ಹೊರಬೀಳುತ್ತದೆ ಎಂಬ ಊಹೆ ಅದರ ಹಿಂದಿದೆ. ತಂತ್ರಜ್ಞಾನದ ಬಗೆಗಿನ ಆತ್ಮವಿಶ್ವಾಸಕ್ಕೆ, ಕೌಶಲಕ್ಕೆ ಆ ಊಹೆ ಒಪ್ಪುತ್ತದೆ. ಇಂಥ ಪ್ರಶ್ನೆಗಳ ಮೇಲೆ ಆಲ್ಫಾ ಲೆಕ್ಕ ಹಾಕಿ, ಫ್ಯಾಕ್ಟರ್ ಅನಾಲಿಸಿಸ್ ನಡೆಸಿ, ಎಣಿಸಿದ ಗುಂಪುಗಳಲ್ಲಿಯೇ ಅವು ಕೂಡುತ್ತವೆಯೇ ಎಂದು ನೋಡುವುದು ಸರಿಯಾದ ಕ್ರಮವೇ. ಸಾಧನ, ಕರೆಂಟ್, ನೆಟ್‌ವರ್ಕ್ ಇವುಗಳಿಗೆ ಅದು ಒಪ್ಪುವುದಿಲ್ಲ. ಶಾಲೆಗೆ ಪ್ರೊಜೆಕ್ಟರ್ ಬಂದದ್ದು ದಾನಿಗಳಿಂದ, ನೆಟ್‌ವರ್ಕ್ ಸಿಗದಿರುವುದು ಗುಡ್ಡದಿಂದ, ಕರೆಂಟ್ ಹೋಗುವುದು ಲೈನಿನ ದೋಷದಿಂದ; ಇವು ಒಟ್ಟಿಗೆ ಏರಿಳಿಯಬೇಕೆಂಬ ನಿಯಮವೇನೂ ಇಲ್ಲ. ಇವು ಲಭ್ಯತೆಯ ಲಕ್ಷಣಗಳಲ್ಲ, ಲಭ್ಯತೆಯನ್ನು ಉಂಟುಮಾಡುವ ಅಂಶಗಳು. ಇಂಥ ಕಡೆ ಆಲ್ಫಾ ಕಡಿಮೆ ಬಂತೆಂದು ‘ಹೊಂದದ’ ಪ್ರಶ್ನೆಯನ್ನು ಕಿತ್ತುಹಾಕಿದರೆ, ಕರೆಂಟಿನ ಪ್ರಶ್ನೆಯೇ ಹೊರಗೆ ಹೋಗಿ, ಅಂಕಿ ಚೆನ್ನಾಗಿ ಕಾಣುತ್ತಾ ಅರ್ಥ ಬರಿದಾಗಬಹುದು. ಅಂಕಗಳನ್ನು ಕೂಡಿಸುವ ರೀತಿಯೂ ಇದೇ ಕಾರಣಕ್ಕೆ ಬದಲಾಗಬೇಕು. ಅಕ್ಕಿ, ನೀರು, ಸೌದೆ ಮೂರರಲ್ಲಿ ಒಂದು ಇಲ್ಲದಿದ್ದರೂ ಅನ್ನವಾಗುವುದಿಲ್ಲ. ಅಕ್ಕಿ ಎರಡು ಪಾಲು ಇದೆ ಎಂಬುದು ನೀರಿಲ್ಲದ ಕೊರತೆಯನ್ನು ತುಂಬುವುದಿಲ್ಲ. ಹಾಗಾಗಿ ಭೌತಿಕ ಲಭ್ಯತೆಯ ಭಾಗದಲ್ಲಿ ಒಟ್ಟು ಮೊತ್ತವನ್ನು ಬಿಟ್ಟು, ಎಲ್ಲಕ್ಕಿಂತ ಕಡಿಮೆ ಬಂದ ಅಂಶವನ್ನೇ ಆ ಶಿಕ್ಷಕರ ಅಂಕವಾಗಿ ತೆಗೆದುಕೊಳ್ಳುವುದನ್ನು ಪರಿಶೀಲಿಸುತ್ತಿದ್ದೇವೆ.

ಎರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಅದೇ ಶಿಕ್ಷಕರಿಗೆ ಕೇಳುವ ಮರುಪರೀಕ್ಷೆಯಲ್ಲಿಯೂ ಎಚ್ಚರ ಬೇಕು. ಡೇಟಾ ಪ್ಯಾಕ್ ಮುಗಿದಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಉತ್ತರ ಬದಲಾಗಲೇಬೇಕು. ಅದು ಪ್ರಶ್ನೆಯ ದೋಷವಲ್ಲ. ಇನ್ನೊಂದು ತೊಡಕು, ಆಕಸ್ಮಿಕವಾಗಿ ಆಗಬಹುದಾದುದನ್ನು ಕಳೆದು ಎರಡು ಸಲದ ಉತ್ತರಗಳ ಹೊಂದಾಣಿಕೆ ಎಷ್ಟೆಂದು ಹೇಳುವ ಕೋಹೆನ್ ಅವರ ಕಾಪ್ಪಾ ಎಂಬ ಅಳತೆಯದು. ನೂರು ಶಿಕ್ಷಕರಲ್ಲಿ 94 ಮಂದಿ ಎರಡೂ ಸಲ ಫೋನ್ ಇದೆ ಎಂದರು, ಮೂವರು ಮೊದಲು ಇದೆ ಎಂದು ಆಮೇಲೆ ಇಲ್ಲ ಎಂದರು, ಇನ್ನು ಮೂವರು ಮೊದಲು ಇಲ್ಲ ಎಂದು ಆಮೇಲೆ ಇದೆ ಎಂದರು ಎಂದಿಟ್ಟುಕೊಳ್ಳಿ. ಹೊಂದಾಣಿಕೆ ಶೇ 94. ಆದರೆ ಆಕಸ್ಮಿಕವಾಗಿಯೇ ಶೇ 94.18ರಷ್ಟು ಹೊಂದಾಣಿಕೆ ನಿರೀಕ್ಷಿಸಬಹುದಾದ್ದರಿಂದ ಕಾಪ್ಪಾ ಸೊನ್ನೆಗಿಂತಲೂ ಕೆಳಗೆ, ಸುಮಾರು -0.03ಕ್ಕೆ ಇಳಿಯುತ್ತದೆ. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆಗಳಲ್ಲಿ ಈ ಅಳತೆಯೊಂದನ್ನೇ ನಂಬಿದರೆ ದಾರಿ ತಪ್ಪುತ್ತೇವೆ. ಹೊಂದಾಣಿಕೆಯ ಶೇಕಡಾವಾರನ್ನೂ ಪಕ್ಕದಲ್ಲಿ ಕೊಡುವುದು ಪ್ರಾಮಾಣಿಕವಾದ ಕ್ರಮ.

ಒಂದೇ ಶಾಲೆಯ ಐವರು ಶಿಕ್ಷಕರು ಶಾಲೆಯ ಇಂಟರ್‌ನೆಟ್ ಬಗ್ಗೆ ಒಂದೇ ಉತ್ತರ ಕೊಟ್ಟರೆ ಅದು ಐದು ಪ್ರತ್ಯೇಕ ಸಾಕ್ಷ್ಯಗಳಲ್ಲ, ಹೆಚ್ಚುಕಡಿಮೆ ಒಂದೇ ಸಾಕ್ಷ್ಯ. ವಿಶ್ಲೇಷಣೆಯಲ್ಲಿ ಶಾಲೆಯ ಮಟ್ಟವನ್ನೂ ಶಿಕ್ಷಕರ ಮಟ್ಟವನ್ನೂ ಬೇರೆಯಾಗಿಡುವುದು ಇದಕ್ಕಾಗಿ.

ಸಮೀಕ್ಷೆಯನ್ನು ತಲುಪಿಸುವ ದಾರಿ ಕೂಡ ಸಿಂಧುತ್ವದ ಭಾಗವೇ, ಮತ್ತು ಈ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಗೂಗಲ್ ಫಾರ್ಮ್‌ನ ಲಿಂಕನ್ನು ಕ್ಲಸ್ಟರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಸಂಜೆ ಐದರೊಳಗೆ ತುಂಬಿ ಎಂದು ತಿಳಿಸುವುದು ಎಲ್ಲಕ್ಕಿಂತ ಸುಲಭ. ಆಗ ನೆಟ್‌ವರ್ಕ್ ಇಲ್ಲದವರು, ಡೇಟಾ ಮುಗಿದವರು, ಫಾರ್ಮ್ ತುಂಬಲು ಹಿಂಜರಿಯುವವರು ಹೊರಗುಳಿಯುತ್ತಾರೆ ಅಥವಾ ಅವರ ಪರವಾಗಿ ಸಹೋದ್ಯೋಗಿಯೊಬ್ಬರು ತುಂಬುತ್ತಾರೆ. ಯಾರ ಕೊರತೆಯನ್ನು ತಿಳಿಯಲು ಹೊರಟೆವೋ ಅವರ ದನಿಯೇ ಸಿಗುವುದಿಲ್ಲ. ಅಲ್ಲದೆ, ಇಲಾಖೆಯ ಗುಂಪಿನಿಂದ ಬಂದ ಪ್ರಶ್ನೆಗೆ ಶಿಕ್ಷಕರು ಕೊಡುವುದು ಇಲಾಖೆಗೆ ಕೊಡುವ ಉತ್ತರವನ್ನು. ತರಬೇತಿ ಪಡೆದಿದ್ದೀರಾ, ಬಳಸುತ್ತಿದ್ದೀರಾ ಎಂದರೆ ಇಲ್ಲ ಎನ್ನಲು ಯಾರಿಗೆ ಧೈರ್ಯ ಬರುತ್ತದೆ? ನಾವು ಕಾಗದದ ಪ್ರತಿಯನ್ನು ಹೆಸರಿಲ್ಲದ ಲಕೋಟೆಯಲ್ಲಿ ಹಿಂದಿರುಗಿಸುವಂತೆ ಮಾಡಿ, ಫೋನಿನಲ್ಲಿ ತುಂಬುವ ಇನ್ನೊಂದು ಗುಂಪಿನ ಉತ್ತರಗಳೊಂದಿಗೆ ಹೋಲಿಸಲಿದ್ದೇವೆ. ವೆಚ್ಚ ಹೆಚ್ಚುತ್ತದೆ, ಡೇಟಾ ಎಂಟ್ರಿಯ ಕೆಲಸವೂ ಹೆಚ್ಚುತ್ತದೆ. ಆದರೂ ಇದನ್ನು ಬಿಟ್ಟರೆ ಸಮೀಕ್ಷೆಗೆ ಅರ್ಥವಿಲ್ಲ.

ಕೌಶಲದ ಭಾಗದಲ್ಲಿ ನಮಗೆ ಮಾದರಿಯಾದದ್ದು ವಾನ್ ಡರ್ಸನ್, ಎಲೆನ್ ಹೆಲ್ಸ್‌ಪರ್, ರೆಬೆಕಾ ಐನನ್ ಅವರು 2016ರಲ್ಲಿ ಪ್ರಕಟಿಸಿದ ಇಂಟರ್‌ನೆಟ್ ಕೌಶಲ ಮಾಪಕ. ಅವರು ಬ್ರಿಟನ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ಮೊದಲು ಜನರನ್ನು ಮಾತನಾಡಿಸಿ, ಆಮೇಲೆ ಪ್ರಾಯೋಗಿಕ ಸಮೀಕ್ಷೆ ನಡೆಸಿ, ಅದರ ನಂತರವೇ ನೆದರ್ಲೆಂಡ್ಸ್‌ನಲ್ಲಿ ದೊಡ್ಡ ಮಾದರಿಗೆ ಹೋದರು. ಕನ್ನಡಕ್ಕೆ ತರುವಾಗ, ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಂದು ಹೋಲಿಸುವ ಪದ್ಧತಿಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಹಿಂದಿರುಗಿ ಬಂದ ಇಂಗ್ಲಿಷ್ ಅಚ್ಚುಕಟ್ಟಾಗಿದ್ದು, ನಡುವಿನ ಕನ್ನಡ ಮಾತ್ರ ಯಾರ ಬಾಯಲ್ಲೂ ಆಡದಂತಿರುವುದು ಅಪರೂಪವೇನಲ್ಲ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ತಂಡ ಕುಳಿತು ಚರ್ಚಿಸಿ, ತೀರ್ಮಾನಿಸಿ, ಪರೀಕ್ಷಿಸಿ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಕ್ರಮವನ್ನು ಐರೋಪ್ಯ ಸಾಮಾಜಿಕ ಸಮೀಕ್ಷೆ ಅನುಸರಿಸುತ್ತದೆ. ತಂಡದಲ್ಲಿ ಶಿಕ್ಷಕರನ್ನೂ ಸೇರಿಸಿಕೊಂಡು ನಾವೂ ಅದನ್ನೇ ಹಿಡಿದಿದ್ದೇವೆ. ರಾಜ್ಯದ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮವಾದ ಟ್ಯಾಲ್ಪ್‌ನಲ್ಲಿ ತರಬೇತಿ ಪಡೆದ ಪ್ರೌಢಶಾಲಾ ಶಿಕ್ಷಕರ ಅಂಕ ತರಬೇತಿ ಪಡೆಯದವರಿಗಿಂತ ಮೇಲಿರಬೇಕು ಎಂಬುದು ನಮ್ಮ ನಿರೀಕ್ಷೆ. ಹಾಗಾಗದಿದ್ದರೆ ಮಾಪಕವನ್ನೂ ತರಬೇತಿಯನ್ನೂ ಒಟ್ಟಿಗೆ ಪ್ರಶ್ನಿಸಬೇಕಾಗುತ್ತದೆ. ತಮಗೆ ತಾವೇ ಕೊಟ್ಟುಕೊಂಡ ಅಂಕ ಎಷ್ಟು ನಂಬಲರ್ಹ ಎಂದು ತಿಳಿಯಲು, ಒಪ್ಪಿದ ಕೆಲವು ಶಿಕ್ಷಕರಿಂದ ಫೈಲೊಂದನ್ನು ಇಳಿಸಿಕೊಂಡು ಪುನಃ ಕಳುಹಿಸುವಂಥ ಸಣ್ಣ ಕೆಲಸಗಳನ್ನು ಮಾಡಿಸಿ ನೋಡುತ್ತೇವೆ. ಇದು ಪರೀಕ್ಷೆಯಲ್ಲ, ಫಲಿತಾಂಶ ಯಾರಿಗೂ ಹೋಗುವುದಿಲ್ಲ ಎಂದು ಲಿಖಿತ ಭರವಸೆ ಕೊಟ್ಟ ಮೇಲೆಯೇ ಅದು ನಡೆಯುತ್ತದೆ.

ಆ ಭರವಸೆಯನ್ನು ಇಡೀ ಪ್ರಶ್ನಾವಳಿಗೂ ವಿಸ್ತರಿಸಿದ್ದೇವೆ. ಶಿಕ್ಷಕರೊಬ್ಬರ ಅಂಕವನ್ನು ಅವರ ಕಾರ್ಯಕ್ಷಮತೆಯ ಅಳತೆಯಾಗಿ ಬಳಸುವುದಕ್ಕೆ ಈ ಉಪಕರಣದಲ್ಲಿ ಯಾವ ಆಧಾರವೂ ಇಲ್ಲವೆಂದು ಕೈಪಿಡಿಯ ಮೊದಲ ಪುಟದಲ್ಲಿಯೇ ಬರೆಯಲಾಗಿದೆ. ತಾಲ್ಲೂಕು ಮಟ್ಟದಲ್ಲಿ ಎಲ್ಲಿ ಬ್ಯಾಟರಿ ಬೇಕು, ಎಲ್ಲಿ ಸಂಪರ್ಕ ಬೇಕು, ಎಲ್ಲಿ ತರಬೇತಿ ಬೇಕು ಎಂಬುದನ್ನು ಗುರುತಿಸುವುದಕ್ಕೆ ಮಾತ್ರ ಇದು ತಕ್ಕದ್ದು. ಬೆಳಗಾವಿ ಕಡೆಯ ಮರಾಠಿ ಮಾಧ್ಯಮದ ಶಾಲೆಗಳಿಗೂ ರಾಜ್ಯದಾದ್ಯಂತ ಇರುವ ಉರ್ದು ಮಾಧ್ಯಮದ ಶಾಲೆಗಳಿಗೂ ಕನ್ನಡದ ಪ್ರತಿಯನ್ನೇ ಕಳುಹಿಸಿ ಎಂಬ ಸಲಹೆ ಬಂದಿದೆ. ಆ ಶಾಲೆಗಳ ಶಿಕ್ಷಕರನ್ನು ಎದುರು ಕೂರಿಸಿಕೊಂಡು ಅವರ ಭಾಷೆಯಲ್ಲಿ ಪ್ರಶ್ನೆಗಳನ್ನು ಓದಿಸಿ ಕೇಳುವ ಕೆಲಸ ಮುಗಿಯುವವರೆಗೆ ಅದಕ್ಕೆ ಒಪ್ಪುವುದಿಲ್ಲವೆಂದು ತಂಡ ತೀರ್ಮಾನಿಸಿದೆ. ಮರಾಠಿಯ ಕರಡು ಸಿದ್ಧವಾಗಿದೆ. ಉರ್ದುವಿಗೆ ಅನುವಾದಕರನ್ನೂ, ನಮ್ಮೆದುರು ಕುಳಿತು ಮಾತನಾಡಲು ಒಪ್ಪುವ ಶಿಕ್ಷಕಿಯರನ್ನೂ ಹುಡುಕುತ್ತಿದ್ದೇವೆ.